ಗಂಡ ಗಟ್ಟಿಮುಟ್ಟಾಗಿ ಕಂಡ ದಿನ

ಲೆಂಪಿ ಹೈಕ್ಕಿಲ ನನ್ನ ಪಕ್ಕದ ಮನೆಯವಳು. ಶಾಲೆಯ ಅಡುಗೆಮನೆಯಲ್ಲಿ ಒಟ್ಟಿಗೆ ದುಡಿದು ಒಟ್ಟಿಗೇ ನಿವೃತ್ತರಾದವರು ನಾವು. ಆಳು ಸಣ್ಣ, ದನಿ ಮಾತ್ರ ದೊಡ್ಡದು. ಊಟದ ಕೋಣೆಯಲ್ಲಿ ಮಕ್ಕಳ ಗಲಾಟೆ ಮಿತಿಮೀರಿದರೆ ಸೌಟಿನಿಂದ ಪಾತ್ರೆಗೆ ಒಂದು ಬಾರಿಸುತ್ತಿದ್ದಳು, ಎಲ್ಲ ಗಪ್‌ಚಿಪ್. ಅಂಥವಳಿಗೂ ಹೆದರಿಕೆ ಅನ್ನುವುದಿದೆ ಎಂದು ನನಗೆ ಗೊತ್ತಾದದ್ದು ಅವಳ ಮೈದುನ ರೂಡಿ ಸತ್ತಾಗ.

ರೂಡಿಗೆ ಲಕ್ವ ಹೊಡೆದಿತ್ತು. ಕೈಲಾಗದ ಮುದುಕರನ್ನು ಇರಿಸಿಕೊಂಡು ನೋಡಿಕೊಳ್ಳುವ ನಮ್ಮೂರಿನ ನರ್ಸಿಂಗ್ ಹೋಮ್ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಸರ್ಕಾರದ ಖರ್ಚಿನಲ್ಲಿ ಅವನಿಗೆ ಹಾಸಿಗೆ ಸಿಕ್ಕಿದ್ದು ಕಾರಿನಲ್ಲಿ ಎರಡು ತಾಸು ದೂರದ ಊರಿನಲ್ಲಿ. ಆ ಜನವರಿಯಲ್ಲಿ ಸರೋವರದ ಕಡೆಯಿಂದ ಎದ್ದ ಹಿಮಗಾಳಿ ರಸ್ತೆಗಳನ್ನೆಲ್ಲ ನುಂಗಿತು. ಲೆಂಪಿಯೂ ಅವಳ ಗಂಡ ಅರ್ವೋನೂ ಅಲ್ಲಿಗೆ ತಲುಪುವಷ್ಟರಲ್ಲಿ ರೂಡಿ ಹೋಗಿಬಿಟ್ಟಿದ್ದ. ಅವನ ಹಾಸಿಗೆಯಲ್ಲಿ ಆಗಲೇ ಬೇರೊಬ್ಬ ಮುದುಕ ಮಲಗಿದ್ದ, ರೂಡಿಯ ಕಂಬಳಿಯನ್ನೇ ಹೊದ್ದುಕೊಂಡು.

ವಾಪಸು ಬಂದವಳು ನನ್ನ ಅಡುಗೆಮನೆಯಲ್ಲಿ ಕೋಟೂ ಬಿಚ್ಚದೆ ಕೂತಳು. "ಅರ್ವೋನ ಅಂಥಾ ಕಡೆ ಕಳಿಸಲ್ಲ ಕಣೇ ಮಾರ್ಜಿ. ನನ್ನ ಹೆಣ ಬಿದ್ರೂ ಕಳಿಸಲ್ಲ" ಅಂದಳು. ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಗೆ ಅಂತ ನಾನು ಕಾಫಿ ಕೊಟ್ಟೆ. ಚಳಿಗಲ್ಲ.

ಅದಾದ ಮೇಲೇ ಅವರು ಆರೈಕೆ ವಿಮೆ ಮಾಡಿಸಿದ್ದು. ವಯಸ್ಸಾಗಿ ಕೈಲಾಗದೆ ಹೋದಾಗ ಮನೆಗೇ ಬಂದು ನೋಡಿಕೊಳ್ಳುವವರ ಸಂಬಳ ಕೊಡುವ ವಿಮೆ ಅದು. ಇಬ್ಬರಿಗೂ ಒಂದೊಂದು ಪಾಲಿಸಿ ತಗೊಂಡರು. ಮಕ್ಕಳಿಲ್ಲದ ಮನೆ, ಇನ್ನು ಯಾರನ್ನು ನೆಚ್ಚಿಕೊಳ್ಳುವುದು? ಪ್ರೀಮಿಯಂ ಏರುತ್ತಾ ಏರುತ್ತಾ ಒಂದು ವರ್ಷ ಕೈಗೆ ಮೀರಿತು. ಆಗ ಲೆಂಪಿ ತನ್ನದನ್ನು ಬಿಟ್ಟಳು, ಅರ್ವೋನದನ್ನು ಉಳಿಸಿಕೊಂಡಳು. "ಗಂಡಸರು ಮೊದ್ಲು ಬೀಳ್ತಾರೆ. ಅವನನ್ನ ದಡ ಮುಟ್ಟಿಸಿದ್ರೆ ಸಾಕು" ಅಂದಳು. ಆಗ ನಕ್ಕುಬಿಟ್ಟೆವು.

ಅರ್ವೋ ಜಿಲ್ಲೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದವನು. ಊರಿಗೆಲ್ಲ ಬೇಕಾದ ಮನುಷ್ಯ. ಅವನಿಗೆ ಮರೆವು ಶುರುವಾದಾಗ ವಿಮೆಯ ಏಜೆಂಟ್ ಡೆನ್ನಿಸ್ ಮನೆಗೆ ಬಂದು ಒಂದು ದಾರಿ ಹೇಳಿಕೊಟ್ಟ. ಪಾಲಿಸಿ ದುಡ್ಡು ಕೊಡುವುದು ಎರಡೇ ವರ್ಷ. ಹಾಗಾಗಿ ಆದಷ್ಟು ದಿನ ಲೆಂಪಿ ತಾನೇ ನೋಡಿಕೊಳ್ಳಬೇಕು, ತೀರಾ ಕೈಲಾಗದಾಗ ವಿಮೆಗೆ ಕೈಹಾಕಬೇಕು. ವಿಮೆ ಮುಗಿಯುವ ಹೊತ್ತಿಗೆ ಸರ್ಕಾರದ ಮನೆ-ಆರೈಕೆ ಯೋಜನೆ ಮುಂದಿನದನ್ನು ಹೊತ್ತುಕೊಳ್ಳುತ್ತದೆ. ಅರ್ವೋ ಕೊನೆತನಕ ತನ್ನ ಹಾಸಿಗೆಯಲ್ಲೇ ಇರುತ್ತಾನೆ. ಲೆಂಪಿ ಈ ಮಾತನ್ನು ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು.

ಆ ಲೆಕ್ಕಾಚಾರ ಕುಸಿದದ್ದು ಒಂದು ಅಕ್ಟೋಬರ್ ಮಧ್ಯಾಹ್ನ, ಚರ್ಚಿನ ನೆಲಮಾಳಿಗೆಯಲ್ಲಿ ಹಿರಿಯರಿಗೆ ಬಡಿಸುವ ಊಟದ ಹೊತ್ತಿಗೆ. ಜಿಲ್ಲಾ ಕಚೇರಿಯಿಂದ ಬಂದ ಹೆಂಗಸೊಬ್ಬಳು ಎದ್ದುನಿಂತು ಹೊಸ ನಿಯಮ ಹೇಳಿದಳು. ಹೊಸ ವರ್ಷದಿಂದ ಮನೆ-ಆರೈಕೆ ಯೋಜನೆಗೆ ಹೊಸಬರನ್ನು ಸೇರಿಸುವುದಿಲ್ಲ. ಆಗಲೇ ಸೇರಿದವರು ಇರುತ್ತಾರೆ. ವರ್ಷ ಮುಗಿಯುವುದರೊಳಗೆ ವಿಮೆಯಿಂದ ಆರೈಕೆ ಮಂಜೂರಾದವರಿಗೆ ಒಂದು ಜಾಗ ಕಾದಿರುತ್ತದೆ. ಉಳಿದವರಿಗೆ ಸರ್ಕಾರ ಕೊಡುವುದು ನರ್ಸಿಂಗ್ ಹೋಮಿನ ಹಾಸಿಗೆ ಮಾತ್ರ.

ಲೆಂಪಿ ಚಮಚ ಕೆಳಗಿಟ್ಟಳು. "ಹಾಗಾದ್ರೆ ವಿಮೆ ಮುಟ್ಟದೆ ಉಳಿಸಿಟ್ಟವ್ರ ಗತಿ?"

"ಯಾಕೆ ಉಳಿಸಿಟ್ರಿ ಅಮ್ಮ?"

"ವಿಮೆಯವ್ರು ಹೇಳಿದ್ರಲ್ರೀ, ಮುಂದೆ ನಿಮ್ಮ ಯೋಜನೆ ಇದೆ, ಉಳಿಸಿ ಅಂತ!"

"ಅದು ಹಳೇ ನಿಯಮ ಅಮ್ಮ."

ಅರ್ವೋ ಲೆಂಪಿಯ ಪಕ್ಕದಲ್ಲೇ ಕೂತು ಆಲೂಗಡ್ಡೆಯನ್ನು ಬೆರಳಿನಿಂದ ಸಾಲಾಗಿ ತಳ್ಳುತ್ತಿದ್ದ. ಬೂಟು ಅದಲುಬದಲಾಗಿತ್ತು. ಅದು ನನ್ನ ಕಣ್ಣಿಗೆ ಬಿತ್ತು.

ಅಂದೇ ಡೆನ್ನಿಸನಿಗೆ ಫೋನ್ ಹೋಯಿತು. ವಿಮೆಯನ್ನು ತಕ್ಷಣ ಶುರುಮಾಡಿಸಬೇಕು. ಅದಕ್ಕೆ ಕಂಪನಿಯ ನರ್ಸ್ ಮನೆಗೆ ಬಂದು ನೋಡುತ್ತಾಳೆ. ಸ್ನಾನ, ಬಟ್ಟೆ, ಊಟ, ಶೌಚ, ಎದ್ದು ಓಡಾಡುವುದು ಇಂಥವುಗಳಲ್ಲಿ ಎರಡಾದರೂ ಅರ್ವೋನಿಂದ ಆಗುವುದಿಲ್ಲ ಎಂದು ಕಂಡರೆ ಮಂಜೂರು. ಕಾಣದಿದ್ದರೆ ಇಲ್ಲ. ಮತ್ತೆ ಅರ್ಜಿ ಹಾಕುವಷ್ಟರಲ್ಲಿ ವರ್ಷ ಮುಗಿದಿರುತ್ತದೆ.

ಆ ವಾರಗಳಲ್ಲಿ ಲೆಂಪಿ ಅರ್ಧ ಇಳಿದುಹೋದಳು. ಫೋನ್ ರಿಂಗಾದರೆ ಬೆಚ್ಚುವಳು. ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ಕಲಸಿಟ್ಟು ಮರೆಯುವಳು, ಅದು ಪಾತ್ರೆಯಿಂದ ಉಕ್ಕಿ ಮೇಜಿನ ಮೇಲೆ ಹರಿದಿರುವುದು. "ಕನಸಲ್ಲಿ ಅವನ ಹಾಸಿಗೇಲಿ ಬೇರೆಯವ್ರು ಮಲಗಿರ್ತಾರೆ ಕಣೇ. ಮುಸುಕು ತೆಗೆದು ನೋಡಕ್ಕೆ ಧೈರ್ಯ ಆಗಲ್ಲ" ಎಂದು ಒಮ್ಮೆ ಬೇಲಿಯ ಹತ್ತಿರ ಹೇಳಿದಳು.

ನರ್ಸ್ ಬರುವ ದಿನ ನನ್ನನ್ನೂ ಕರೆದಳು. "ಸುಮ್ನೆ ಕೂತಿರು. ನಂಗೆ ಒಬ್ಳಿಗೇ ಆಗಲ್ಲ" ಅಂದಳು.

ಹೋಗಿ ನೋಡಿದರೆ ಅರ್ವೋ ನುಣ್ಣಗೆ ಗಡ್ಡ ಬೋಳಿಸಿ, ಉಣ್ಣೆಯ ಸ್ವೆಟರ್ ತೊಟ್ಟು, ಕುರ್ಚಿಯಲ್ಲಿ ಮದುಮಗನ ಹಾಗೆ ಕೂತಿದ್ದಾನೆ! ನೆಂಟರು ಬರುತ್ತಾರೆಂದು ಅವನಿಗೆ ಹೇಗೋ ತಿಳಿದಿತ್ತು. "ಬಾ ಮಾರ್ಜಿ, ಇನ್ನೂ ಬದುಕಿದೀಯಾ? ದಪ್ಪ ಆಗಿದೀಯ" ಎಂದು ನಕ್ಕ. ತಿಂಗಳುಗಳಿಂದ ಅವನ ಬಾಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ಬೇರೆ ದಿನವಾಗಿದ್ದರೆ ಖುಷಿಯಾಗುತ್ತಿತ್ತು. ಲೆಂಪಿಯ ಮುಖ ನೋಡಿದೆ. ಸುಣ್ಣದ ಗೋಡೆ ಹಾಗಾಗಿತ್ತು.

ಶಾನಾ ಎಂಬ ಆ ನರ್ಸ್ ವಯಸ್ಸಿನಲ್ಲಿ ಚಿಕ್ಕವಳು, ಮಾತು ಮೃದು. "ಅರ್ವೋ ಅವ್ರೇ, ಸ್ನಾನ ನೀವೇ ಮಾಡ್ಕೋತೀರಾ?"

"ಜಿಲ್ಲೆಯ ಹಿಮ ಎಲ್ಲಾ ತಳ್ಳಿದವನಮ್ಮ ನಾನು. ಒಂದು ತಂಬಿಗೆ ನೀರು ಎತ್ತಕ್ಕಾಗಲ್ವಾ?"

"ಇವತ್ತು ಯಾವ ತಿಂಗಳು ಹೇಳ್ತೀರಾ?"

"ಕಿಟಕಿ ಆಚೆ ನೋಡು. ನಮ್ಮೂರಲ್ಲಿ ಅರ್ಧ ವರ್ಷ ಒಂದೇ ತಿಂಗಳು."

ಶಾನಾ ನಕ್ಕಳು. ಅವನು ಎದ್ದು, ಬಾಗಿಲವರೆಗೆ ನಡೆದು, ನೆಟ್ಟಗೆ ವಾಪಸು ಬಂದು ಕೂತ. ಶೌಚದ ಮಾತು ಬಂದಾಗ "ಹೆಂಗಸರ ಮುಂದೆ ಇದೆಂಥಾ ಮಾತು!" ಎಂದು ಗದರಿಸಿದ. ಪ್ರತಿ ಉತ್ತರಕ್ಕೂ ಅವಳ ಪೆನ್ನು ಆಡುತ್ತಿತ್ತು. ಗಂಡ ಒಂದೊಂದು ಸಲ ಚುರುಕಾಗಿ ಮಾತಾಡಿದಾಗಲೂ ಹೆಂಡತಿ ಕುರ್ಚಿಯ ಅಂಚಿಗೆ ಕುಸಿಯುವುದನ್ನು ನಾನು ಇನ್ನೆಲ್ಲೂ ನೋಡಿಲ್ಲ.

"ಚೆನ್ನಾಗೇ ಇದ್ದಾರಲ್ಲ" ಎಂದು ಶಾನಾ ಚೀಲಕ್ಕೆ ಕೈಹಾಕಿದಳು.

"ಕೂತ್ಕೊಳ್ಳಿ" ಅಂದಳು ಲೆಂಪಿ. ದನಿ ಒಡೆದಿತ್ತು. "ಸುಳ್ಳು. ಅವನು ಹೇಳಿದ್ದೆಲ್ಲಾ ಸುಳ್ಳು. ಅವನ ಹಟಕ್ಕೆ ಗಡ್ಡ ಬೋಳಿಸಿದ್ದು ನಾನು. ಪ್ಯಾಂಟು ಹಾಕಿದ್ದು ನಾನು. ಒಳಗೆ ಡೈಪರ್ ಇದೆ. ಸಂಜೆ ಆದ್ರೆ ನಾನು ಯಾರಂತ ಗೊತ್ತಾಗಲ್ಲ, ಕಳ್ಳಿ ಅಂತಾನೆ." ತೋಳು ಮೇಲೇರಿಸಿ ತೋರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗಾಯ. "ಶನಿವಾರ ಸೌನಾದಲ್ಲಿ ಉಗಿ ಹಿಡಿಸಿ ಮೈ ತೊಳೀತಿದ್ದೆ. ಯಾರೋ ಅಂದ್ಕೊಂಡು ಒಲೆ ಮೇಲಕ್ಕೆ ತಳ್ಳಿಬಿಟ್ಟ."

ನನಗೆ ಅವಳು ಹೇಳಿದ್ದು ಬ್ರೆಡ್ಡಿನ ತಟ್ಟೆ ತಾಗಿತು ಅಂತ.

ಅರ್ವೋ ಅವಳನ್ನೇ ನೋಡುತ್ತಿದ್ದ. ಆ ಹೊತ್ತಿಗೆ ಅವನಿಗೆ ಎಲ್ಲ ಅರ್ಥವಾಗುತ್ತಿತ್ತು, ಅದೇ ಕೆಟ್ಟದ್ದು. "ಲೆಂಪಿ, ಇವ್ರ ಮುಂದೆ ಯಾಕೆ ಹೀಗೆ ನನ್ನ ಮರ್ಯಾದೆ ಕಳೀತೀಯ?" ಅಂದ. ತಗ್ಗಿದ ದನಿ.

ಶಾನಾ ಚೀಲ ಕೆಳಗಿಟ್ಟು ಮೆಲ್ಲಗೆ ಹೇಳಿದಳು. "ಅರ್ವೋ ಅವ್ರೇ, ಸೆಕೆ ಆಗ್ತಿದೆ ಅಲ್ವಾ? ಸ್ವೆಟರ್ ತೆಗೆದು, ಮತ್ತೆ ಹಾಕ್ಕೊಳ್ಳಿ ನೋಡೋಣ. ಅಮ್ಮ, ನೀವು ಮುಟ್ಟಬೇಡಿ."

ಅವನು ಜಂಬದಿಂದಲೇ ತೆಗೆದ. ಹಾಕುವಾಗ ತೋಳಿನ ತೂತಿಗೆ ತಲೆ ತೂರಿಸಿದ. ತಲೆ ಹೊಗಲಿಲ್ಲ. ಒಂದು ಕೈ ಒಳಗೆ ಸಿಕ್ಕಿಕೊಂಡಿತು, ಇನ್ನೊಂದು ಗಾಳಿಯಲ್ಲಿ ತಡಕಾಡಿತು. ಮೊದಲು ಗೊಣಗಿದ. ಆಮೇಲೆ ಉಸಿರು ಜೋರಾಯಿತು. ಉಣ್ಣೆಯೊಳಗಿಂದ ಮಗುವಿನಂಥ ದನಿ ಬಂತು. "ಲೆಂಪಿ! ಲೆಂಪಿ, ಕತ್ತಲೆ! ದಾರಿ ಎಲ್ಲಿ?"

ಲೆಂಪಿ ತನ್ನೆರಡು ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ತುಟಿ ಕಚ್ಚಿ ರಕ್ತ ಬಂದಿತ್ತು. ಎದ್ದರೆ ಎರಡು ತಾಸಿನ ದಾರಿ, ಹಿಮ, ಬೇರೆಯವರ ಕಂಬಳಿ. ಏಳದಿದ್ದರೆ ಅವನು ಅಲ್ಲಿ ಒಬ್ಬನೇ ಕೂಗುತ್ತಿದ್ದಾನೆ. ನಾನು ಕಣ್ಣು ಮುಚ್ಚಿಕೊಂಡೆ. ನನ್ನಿಂದಲೂ ಅಷ್ಟೇ ಆದದ್ದು.

"ಸಾಕು" ಅಂದಳು ಶಾನಾ. ಆ ಮಾತು ಮುಗಿಯುವ ಮೊದಲೇ ಲೆಂಪಿ ಹಾರಿಹೋಗಿ ಅವನ ತಲೆಯನ್ನು ಹೊರಗೆ ತಂದಿದ್ದಳು. ಡೈಪರ್ ಇದ್ದರೂ ಅವನ ಪ್ಯಾಂಟು ಒದ್ದೆಯಾಗಿತ್ತು. ಕೆದರಿದ ಕೂದಲಲ್ಲಿ ಅವಳನ್ನು ದಿಟ್ಟಿಸಿ, "ನೀನು ಯಾರಮ್ಮ?" ಎಂದು ಕೇಳಿದ.

ಹೋಗುವಾಗ ಶಾನಾ ಮೆಟ್ಟಿಲ ಹತ್ತಿರ ನಿಂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಏನಾಗುತ್ತದೆಂದು ಹೇಳುವ ಅಧಿಕಾರ ಅವಳಿಗಿರಲಿಲ್ಲ.

ಮಂಜೂರಾಯಿತೆಂಬ ಫೋನ್ ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ ಬಂತು. ಲೆಂಪಿ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಫೋನಿಟ್ಟು ನೆಲದ ಮೇಲೆ ಕೂತಳು. "ಗೆದ್ದೆನೋ ಸೋತೆನೋ ಗೊತ್ತಾಗ್ತಿಲ್ಲ ಮಾರ್ಜಿ. ಇನ್ನು ವಿಮೆಯ ಎರಡು ವರ್ಷ ಓಡಕ್ಕೆ ಶುರುವಾಯ್ತು. ಅಷ್ಟರಲ್ಲಿ ಕಾದಿಟ್ಟ ಜಾಗಾನೂ ಇಲ್ಲ ಅಂದ್ಬಿಟ್ರೆ?"

ಆಮೇಲೆ ಬೆಳಗಿನ ಹೊತ್ತು ಆಳೊಬ್ಬಳು ಬಂದು ಅರ್ವೋನನ್ನು ಮೀಯಿಸಿ ಉಡಿಸಿ ಹೋಗುತ್ತಿದ್ದಳು. ಲೆಂಪಿಯ ಕೈ ಗಾಯ ಮಾಯಿತು. ಆ ದಿನದ್ದು ಅರ್ವೋನಿಗೆ ಸಂಜೆಯೊಳಗೆ ಮರೆತುಹೋಗಿತ್ತು. ಲೆಂಪಿಗೆ ಮರೆಯಲಿಲ್ಲ. ಅವನು ನಿದ್ದೆಯಲ್ಲಿ ಕನವರಿಸಿದರೂ "ಇಲ್ಲೇ ಇದೀನಿ, ಇಲ್ಲೇ ಇದೀನಿ" ಎಂದು ಎದ್ದು ಕೂರುತ್ತಿದ್ದಳಂತೆ.

ಎರಡನೆಯ ವಸಂತದಲ್ಲಿ, ಆಳು ಅವನ ಕಾಲು ತೊಳೆಯುತ್ತಿದ್ದಾಗ, ಅರ್ವೋ ತನ್ನ ಹಾಸಿಗೆಯಲ್ಲೇ ಹೋದ. ಲೆಂಪಿ ಪಕ್ಕದಲ್ಲಿದ್ದಳು. ಸರ್ಕಾರದ ಜಾಗದ ಸರದಿ ಬರಲೇ ಇಲ್ಲ, ಅದು ನಿಜಕ್ಕೂ ಕಾದಿತ್ತೋ ಇಲ್ಲವೋ ನಮಗೆ ತಿಳಿಯಲೂ ಇಲ್ಲ.

ಈಗ ಅವಳೊಬ್ಬಳೇ. ಪಾಲಿಸಿ ಇಲ್ಲ, ಯೋಜನೆಗೆ ಹೊಸಬರನ್ನು ಸೇರಿಸುವುದಿಲ್ಲ. ಹೋದ ತಿಂಗಳು ರೇಡಿಯೋದಲ್ಲಿ ಇನ್ನೊಂದು ನಿಯಮ ಬದಲಾಗುವ ಸುದ್ದಿ ಬಂತು. ಚರ್ಚಿನಲ್ಲಿ ವಿವರಿಸುತ್ತಾರೆ, ಬಾ ಎಂದು ಕರೆದೆ.

"ಬರಲ್ಲ ಹೋಗೇ. ತಿಳ್ಕೊಂಡು ಏನು ಮಾಡ್ಲಿ? ಇವತ್ತು ಒಂದನ್ನ ನಂಬಿ ಹೆಜ್ಜೆ ಇಡೋದು, ನಾಳೆ ನೆಲಾನೇ ಎಳ್ಕೊಳ್ಳೋದು."

"ಹೆದರಿಕೆ ಆಗಲ್ವೇನೇ?"

"ಆಗದೆ ಏನು? ಮೆಟ್ಟಿಲು ಇಳಿಯುವಾಗ್ಲೂ ಆಗತ್ತೆ. ಬಿದ್ರೆ ಎಲ್ಲಿಗೆ ಹೊತ್ಕೊಂಡು ಹೋಗ್ತಾರೋ ಅಂತ." ಹಾಸಿಗೆಯನ್ನು ಮಹಡಿಯಿಂದ ಕೆಳಗಿನ ಕೋಣೆಗೆ ಇಳಿಸಿಕೊಂಡಿದ್ದಾಳೆ.

ನಮ್ಮಿಬ್ಬರದೇ ಒಂದು ಏರ್ಪಾಡಾಗಿದೆ. ಬೆಳಿಗ್ಗೆ ಶಾಲೆಯ ಬಸ್ಸು ಹೋಗುವುದರೊಳಗೆ ಅಡುಗೆಮನೆ ಕಿಟಕಿಯ ಪರದೆ ಸರಿಸಬೇಕು. ಸರಿಯದಿದ್ದರೆ ಇನ್ನೊಬ್ಬಳು ಓಡಬೇಕು. ಓಡಿ ಏನು ಮಾಡುವುದು ಎಂದು ನಾವು ಮಾತಾಡಿಕೊಂಡಿಲ್ಲ.

ಇವತ್ತು ಬಸ್ಸು ಹೋಗಿ ಎಷ್ಟೋ ಹೊತ್ತಾದರೂ ಅವಳ ಪರದೆ ಸರಿಯಲಿಲ್ಲ. ಕೊನೆಗೆ ಸರಿದಾಗ ನಾನು ಒಂದು ಕಾಲಿಗೆ ಬೂಟು ಹಾಕಿ ಅಂಗಳದ ಹಿಮದಲ್ಲಿ ನಿಂತಿದ್ದೆ. ಅವಳು ಗಾಜಿನಾಚೆಯಿಂದ ಕೈಯಾಡಿಸಿದಳು. ನನಗೆ ತಿರುಗಿ ಕೈ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.