ರಿಲೇಯನ್ನು ಮಗುಚಿ ನೋಡಿದವರು

2006ರಲ್ಲಿ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗದ ಸಹಾಯಕನಾಗಿದ್ದೆ. ವಿಭಾಗವೆಂದರೆ ಒಂದು ಕಂಪ್ಯೂಟರ್, ಎರಡು ಕುರ್ಚಿ ಮತ್ತು ನಾನು. ಪಂಪ್‌ಸೆಟ್ ಸ್ಟಾರ್ಟರುಗಳಿಗೆ ಬೇಕಾದ ಸರ್ಕ್ಯೂಟ್ ಬೋರ್ಡ್ ತಯಾರಿಸುತ್ತಿದ್ದೆವು. ಬಿಡುವಾದಾಗ ನಾನು ಎಲ್ಲರ ದನಿ ಅಣಕಿಸುತ್ತಿದ್ದೆ. ಮಾಲೀಕರ ಕೆಮ್ಮಂತೂ ಅವರಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು.

ಎರಡನೆಯ ಕುರ್ಚಿ ಖಾಲಿಯಿತ್ತು. ಅದಕ್ಕೆ ಆಸೆಪಟ್ಟವನು ತಿಪ್ಪಸಂದ್ರದ ಲೋಕೇಶ, ನಾನೂ ಬೆಸುಗೆ ಬೆಂಚಿನಲ್ಲಿದ್ದಾಗಿನ ಹಳೆಯ ಜೊತೆಗಾರ. ಊಟದ ಹೊತ್ತಿನಲ್ಲಿ ನನ್ನ ಪಕ್ಕ ಕೂತು ಬೋರ್ಡಿನ ನಕ್ಷೆ ಬರೆಯುವ ತಂತ್ರಾಂಶ ಕಲಿತಿದ್ದ. ಮಾಲೀಕರು, “ಹೊಸ ಬೋರ್ಡು ನೀನೇ ಮಾಡಪ್ಪ. ಓಡಿದ್ರೆ ಕುರ್ಚಿ ನಿಂದು,” ಎಂದಿದ್ದರು.

ಆ ಬೋರ್ಡಿಗೆ ಒಂದು ರಿಲೇ ಬೇಕಿತ್ತು. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ, ತಡೆಯುವ ಐದು ಕಾಲಿನ ಪುಟ್ಟ ಡಬ್ಬಿ ಅದು. ನಾವು ಕೊಳ್ಳುತ್ತಿದ್ದ ರಿಲೇ ತಂತ್ರಾಂಶದ ಲೈಬ್ರರಿಯಲ್ಲಿ, ಅಂದರೆ ಬಿಡಿಭಾಗಗಳ ಸಿದ್ಧ ಚಿತ್ರಗಳ ಸಂಗ್ರಹದಲ್ಲಿ, ಇರಲಿಲ್ಲ. ಹೀಗಾದಾಗ ಅದರ ಸಿಂಬಲ್ ನಾವೇ ಬರೆಯಬೇಕು: ಒಂದು ಚೌಕ, ಐದು ಕಾಲು, ಪ್ರತಿ ಕಾಲಿಗೂ ಒಂದು ನಂಬರ್. ಆ ನಂಬರನ್ನು ನಂಬಿಯೇ ಬೋರ್ಡಿನ ತಾಮ್ರದ ಗೆರೆಗಳು ಸೇರಿಕೊಳ್ಳುತ್ತವೆ.

ಲೋಕೇಶ ರಿಲೇ ಮಗುಚಿ ನೋಡಿಕೊಂಡು ಅಚ್ಚುಕಟ್ಟಾಗಿ ಬರೆದ. ನಾನೂ ಅದನ್ನು ಮಗುಚಿ ಕಾಲು ಎಣಿಸಿ ಸರಿ ಎಂದೆ. ಬೆಂಚಿನ ರತ್ನಕ್ಕನೂ ಮಗುಚಿ ಎಣಿಸಿದರು.

“ಸರ್ಯಾಗೈತೆ ಕಣಪ್ಪ. ಇನ್ಮೇಲೆ ನಮ್ಮನ್ನೆಲ್ಲ ಮರ್ತ್‌ಬುಡ್ತೀಯ.”

ಬೋರ್ಡು ಬಂತು. ಮೋಟಾರಿಗೆ ಜೋಡಿಸಿ ಮಾಲೀಕರ ಎದುರು ಕರೆಂಟ್ ಕೊಟ್ಟೆವು. ಬಟನ್ ಮುಟ್ಟುವ ಮೊದಲೇ ಮೋಟಾರು ತಿರುಗಿತು. ಸ್ಟಾರ್ಟ್ ಒತ್ತಿದರೆ ನಿಂತಿತು, ಸ್ಟಾಪ್ ಒತ್ತಿದರೆ ಹೊರಟಿತು.

“ಇದೇನ್ರಪ್ಪಾ, ನಮ್ಮ ಬಾಮೈದನ್ ಥರ. ಹೇಳಿದ್ದಕ್ಕೆಲ್ಲ ಉಲ್ಟಾ,” ಎಂದರು ಮಾಲೀಕರು. ಬೆಂಚು ಪೂರ್ತಿ ನಕ್ಕಿತು. ಲೋಕೇಶ ನಗಲಿಲ್ಲ.

ಕಾರಣ ಬೇಗ ಸಿಕ್ಕಿತು. ಬೆಸುಗೆಯವರು ಬೋರ್ಡನ್ನು ಬೋರಲು ಹಾಕಿ ಕೆಲಸ ಮಾಡುತ್ತಾರೆ; ಯಾವ ಬಿಡಿಭಾಗವನ್ನಾದರೂ ಕೆಳಗಿನಿಂದ ನೋಡಿಯೇ ಅಭ್ಯಾಸ. ತಂತ್ರಾಂಶ ಮೇಲಿನಿಂದ ಎಣಿಸುತ್ತದೆ. ಹೀಗಾಗಿ ಎಡಗಾಲು ಬಲಗಾಲಾಗಿ, ಕರೆಂಟು ತಡೆಯಬೇಕಾದಾಗ ಬಿಡುತ್ತಿತ್ತು. ಪರೀಕ್ಷಿಸಿದ ನಾವೆಲ್ಲರೂ ಅದೇ ಬೆಂಚಿನವರು.

ಸಿಂಬಲ್ಲಿನ ಎರಡು ನಂಬರ್ ಅದಲುಬದಲು ಮಾಡಿದೆ. ಟೀ ಆರುವುದರೊಳಗೆ ಕೆಲಸ ಮುಗಿಯಿತು. ಮಾಲೀಕರೂ ಬೈಯದೆ, “ಇನ್ನೊಂದ್ಸಲ ಮಾಡಿಸಿ,” ಎಂದರಷ್ಟೆ. ಆದರೆ ಲೋಕೇಶ ಬೆಂಚಿಗೆ ಹೋಗಿ ಕೂತಿದ್ದ.

“ಬಾರ್ಲಾ, ಕುರ್ಚಿ ಕಾಯ್ತಾ ಐತೆ,” ಎಂದು ಮಾಲೀಕರ ದನಿಯಲ್ಲೇ, ಕೆಮ್ಮು ಸೇರಿಸಿ ಕರೆದೆ.

“ಒಸಿ ಸುಮ್ಕಿರ್ಲಾ. ರಿಪೇರಿಗೆ ಅಂತ ಯಾರಾನ ಕೈ ಹಾಕಿದ್ದಾಗ ಆ ಮೋಟ್ರು ತಾನೇ ತಿರುಗಿದ್ರೆ?”

“ಯಾರ್ ಕೈಗೂ ಏನೂ ಆಗ್ಲಿಲ್ವಲ್ಲ. ಅದಕ್ಕೇ ತಾನೆ ಇಲ್ಲೇ ಹಾಕಿ ನೋಡಿದ್ದು?”

“ಇಲ್ಲಿ ನೋಡಿದ್ವಿ. ಮುಂದ್ಲ ಬೋರ್ಡ್‌ನಾಗೆ ತಪ್ಪಾದ್ರೆ ಯಾರ್ಲಾ ನೋಡ್ತಾರೆ? ನಂಗ್ ಬ್ಯಾಡ ಕಣ್ಲಾ.”

ಎಷ್ಟು ಕರೆದರೂ ಬರಲಿಲ್ಲ. ಕೆಲವು ತಿಂಗಳಲ್ಲಿ ಬಿಡದಿಯ ಕಡೆ ಬೇರೆ ಕೆಲಸ ಹಿಡಿದು ಹೋದ. ಕುರ್ಚಿಗೆ ಹೊಸಬರು ಬಂದರು. ಅವರಿಗೆ ಯಾವ ಹೆದರಿಕೆಯೂ ಇರಲಿಲ್ಲ.

ಈಗ ಹೊಸ ಸಿಂಬಲ್ ಬರೆದರೆ ಬೆಂಚಿನಿಂದ ಬಾರದ ಒಬ್ಬರಿಗೆ ತೋರಿಸುತ್ತೇನೆ. ಒಂದೇ ಕಡೆಯಿಂದ ನೋಡುವ ಹತ್ತು ಜನ ಸರಿಯೆಂದರೂ ಅದು ಒಂದೇ ಪರೀಕ್ಷೆ ಎಂದು ಕೆಲಸ ಕಲಿಸಿದೆ. ಕಾಣದ ಯಾರದೋ ಕೈಗಾಗಿ ಲೋಕೇಶ ಅಂದು ಹೆದರಿದ್ದ. ಡಿಸೈನರನಿಗೆ ಬೇಕಾದದ್ದೇ ಆ ಹೆದರಿಕೆ ಎಂದು ನನಗೆ ತಿಳಿಯುವಾಗ ಅವನು ಹಾರೋಹಳ್ಳಿಯಲ್ಲಿ ಇರಲಿಲ್ಲ.