ಮೊಟ್ಟೆಯ ಕಟ್ಟು

ತಿರುವೊಟ್ಟಿಯೂರಿನ ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನು ಗಟ್ಟಿಯಾಗಿ ಆಡುವಂತಿರಲಿಲ್ಲ. ಅಂಥ ಮನೆಯೊಳಗೆ ನನ್ನ ಓರಗಿತ್ತಿಗೋಸ್ಕರ ಮೊಟ್ಟೆ ಬಂತು, ಅದೂ ಅತ್ತೆಯ ಅಪ್ಪಣೆಯ ಮೇಲೆ. ಐವತ್ತರ ದಶಕದ ಕೊನೆ ಅದು. ನಾನು ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದು ವರ್ಷವೂ ತುಂಬಿರಲಿಲ್ಲ.

ಓರಗಿತ್ತಿ ಬಾವಿಕಟ್ಟೆಯ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸೋಣ ಎಂದರು ಭಾವ. ಅತ್ತೆ ಒಪ್ಪದೆ ಮೂಳೆ ಕೂಡಿಸುವ ವೈದ್ಯನನ್ನು ಕರೆಸಿದರು. ಅವನು ಕೈಯನ್ನು ನೀವಿ, ಎಳೆದು, ತಾನೇ ತಂದ ಮೊಟ್ಟೆಯ ಬಿಳಿಯಲ್ಲಿ ಅದ್ದಿದ ಬಟ್ಟೆ ಸುತ್ತಿ ಬಿದಿರಿನ ದಬ್ಬೆ ಕಟ್ಟಿದ. ಒಣಗಿದ ಮೇಲೆ ಅದು ಹಲಗೆಯಂತಾಯಿತು. ಕೈ ಅಲುಗದಿದ್ದರೆ ಸಾಕು, ಮಿಕ್ಕಿದ್ದನ್ನು ಮೂಳೆಯೇ ನೋಡಿಕೊಳ್ಳುತ್ತದೆ ಎಂದು ಹೇಳಿ ಹೋದ.

ಮೊಟ್ಟೆ ಮೈಲಿಗೆಯೆಂದು ಆಕೆಯನ್ನು ಜಗಲಿಯ ಕೋಣೆಯಲ್ಲಿ ಮಲಗಿಸಿದರು. ಸದ್ಯ, ಇನ್ನು ಅತ್ತೆ ಆ ಕಡೆ ಸುಳಿಯುವುದಿಲ್ಲ ಎಂದುಕೊಂಡೆ. ಎಲ್ಲಿ ಬಂತು! ಬೆಳಿಗ್ಗೆ ಅತ್ತೆಯೇ ಆಕೆಯ ತಲೆ ಬಾಚುವುದು, ಮಧ್ಯಾಹ್ನ ಅನ್ನ ಕಲಸಿ ಬಾಯಿಗಿಡುವುದು, ಪ್ರತಿಸಲವೂ ಮತ್ತೆ ಸ್ನಾನ ಮಾಡಿ ಮಡಿಯುಡುವುದು.

ನನಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕೆ ಸ್ವಲ್ಪ ಮುಂಚೆ ಹಪ್ಪಳ ಕರಿಯುವಾಗ ಕಾದ ಎಣ್ಣೆ ನನ್ನ ಮುಂಗೈಗೆ ಸಿಡಿದಿತ್ತು. ಸುಟ್ಟಿದ್ದಕ್ಕೆ ಶಾಯಿಯೇ ಮದ್ದೆಂದು ಅತ್ತೆ, ಮಾವನವರ ಶಾಯಿ ಬಾಟಲಿ ತಂದು ಸುರಿದರು, ಗುಳ್ಳೆ ಒಡೆಯಬೇಡ ಎಂದರು, ಉಳಿದ ಹಪ್ಪಳ ಕರಿಯಲು ಬಿಟ್ಟು ಹೋದರು. ಮುರಿದ ಮೂಳೆಗಿದ್ದ ಮರ್ಯಾದೆ ಸುಟ್ಟ ಚರ್ಮಕ್ಕಿರಲಿಲ್ಲ. ನೀಲಿ ಕೈಯಲ್ಲೇ ಈಗ ಇಬ್ಬರ ಕೆಲಸವನ್ನೂ ಮಾಡುತ್ತಿದ್ದೆ. ನೀರು ಸೇದುವಾಗ ನಾನೂ ಒಮ್ಮೆ ಜಾರಬಾರದೇ ಎನ್ನಿಸುತ್ತಿತ್ತು. ಅತ್ತೆ ಒಂದೇ ಒಂದು ಸಲ ನನ್ನ ತಲೆ ಬಾಚಿದ್ದರೆ ಸಾಕಿತ್ತು.

ಕಟ್ಟು ಬಿಚ್ಚಿದಾಗ ಕೈ ಬಡಕಲಾಗಿತ್ತು, ಆದರೆ ನೆಟ್ಟಗಿತ್ತು. ಅತ್ತೆ ಬೆರಳುಗಳನ್ನು ಮಡಿಸಿ ನೋಡಿ, ಸ್ನಾನ ಮಾಡಿ ಒಳಗೆ ಬಾ ಎಂದು ಎದ್ದುಹೋದರು. ಮರುದಿನ ಬೆಳಿಗ್ಗೆ ಓರಗಿತ್ತಿ ಬಾಚಣಿಗೆ ಹಿಡಿದು ಕಾದು ಕೂತಳು. ಅತ್ತೆ ಪಕ್ಕದಲ್ಲೇ ಹಾದು ದೇವರ ಮನೆಗೆ ಹೋದರು.

ನಾನು ಒಳಗೊಳಗೇ ಹಿಗ್ಗಿದೆ. ಪಾತ್ರೆ ತೊಳೆಯುವಾಗ, ಅಕ್ಕಾ, ಇನ್ನೂ ನೋವಿದೆಯಾ ಎಂದು ಕೇಳಿದೆ, ಇರಲಿ ಎಂಬ ಆಸೆಯಿಂದಲೇ.

"ಇಲ್ಲ ಕಣೇ," ಎಂದಳು ಆಕೆ. "ಇನ್ನೊಂದಷ್ಟು ದಿನ ಕೂಡದೇ ಇರಬಾರದಿತ್ತಾ ಈ ಮೂಳೆ."

ಆಕೆಯ ಕಣ್ಣು ತುಂಬಿತ್ತು. ನನ್ನ ಹೊಟ್ಟೆಯುರಿ ಆಗಲೂ ಇಳಿಯಲಿಲ್ಲ. ಕಳೆದುಕೊಳ್ಳುವುದಕ್ಕಾದರೂ ಆಕೆಗೆ ಅದು ಸಿಕ್ಕಿತ್ತಲ್ಲ.