ಬ್ಯಾಂಡಿನ ಮುಂದೆ ಗುರಪ್ಪ ಮಾಮಾ

ಮೆರವಣಿಗೆಯಲ್ಲಿ ಎಲ್ಲರೂ ಮುಂದಕ್ಕೆ ನಡೆಯುತ್ತಾರೆ. ನಮ್ಮ ಗುರಪ್ಪ ಮಾಮಾ ಹಿಂದಕ್ಕೆ ನಡೆಯುತ್ತಿದ್ದರು. ಬ್ಯಾಂಡಿನವರಿಗೆ ಬೆನ್ನು ತೋರಿಸುವುದೆಂದರೆ ಅವರ ಲೆಕ್ಕದಲ್ಲಿ ಗುಡಿಯೊಳಗೆ ಕಾಲು ಚಾಚಿ ಕೂತಂತೆ. ಅದಕ್ಕೇ ಮುಖವನ್ನು ಕ್ಲಾರಿನೆಟ್ಟಿನ ಕಡೆ ಇಟ್ಟು, ಎಡಗೈಯಲ್ಲಿ ಧೋತರದ ಚುಂಗು ಹಿಡಿದು, ಬಲಗೈಯಿಂದ ಗಾಳಿಗೆ ತಾಳ ಹಾಕುತ್ತ, ಹಿಂದೆ ಗಟಾರ ಇದೆಯೋ ಎಮ್ಮೆ ಇದೆಯೋ ನೋಡದೆ ಹೆಜ್ಜೆ ಇಡುತ್ತಿದ್ದರು. ಗಟಾರ ಇದ್ದದ್ದೂ ಉಂಟು, ಎಮ್ಮೆ ಇದ್ದದ್ದೂ ಉಂಟು. ಆಗೆಲ್ಲ ನಾನು ಆ ಮನುಷ್ಯನ ಗುರುತೇ ಇಲ್ಲದವನಂತೆ ಯಾವುದೋ ಅಂಗಡಿಯ ಬೋರ್ಡು ಓದುತ್ತ ನಿಲ್ಲುತ್ತಿದ್ದೆ.

ಬೇರೆಯವರ ಮಾಮಾ ಆಗಿದ್ದರೆ ನಾನೂ ನಗಬಹುದಿತ್ತು. ಇವರು ನಮ್ಮವ್ವನ ಖಾಸ ತಮ್ಮ. ಮೇಲಾಗಿ ಸಿಂದಗಿಯಲ್ಲಿ ನಮ್ಮ ಶಾಲೆಯ ಹೆಡ್ ಮಾಸ್ತರರು. ನಾನು ಅದೇ ಶಾಲೆಗೆ ಹೊಸದಾಗಿ ಸೇರಿದ ಮಾಸ್ತರ, ಊಟ ವಸತಿ ಅವರ ಮನೆಯಲ್ಲೇ. ಎಪ್ಪತ್ತರ ದಶಕದ ನಡುವಿನ ಮಾತು. ಶಾಲೆಯಲ್ಲಿ ಮಾಮಾ ಕೆಮ್ಮಿದರೆ ಸಾಕು, ಮಗ್ಗಿ ಒದರುವ ವರ್ಗಗಳೆಲ್ಲ ಗಪ್‌ಚಿಪ್. ಅದೇ ಮನುಷ್ಯ ಲಗ್ನದ ಸೀಜನ್ನಿನಲ್ಲಿ, ಕರೆಯದಿದ್ದರೂ ಬಸ್ಸು ಹತ್ತಿ ಪರಊರಿಗೆ ಹೋಗಿ ಬ್ಯಾಂಡಿನ ಮುಂದೆ ಕೈ ಬೀಸುವುದನ್ನು ಕಂಡ ಪಾಲಕರು ಸೋಮವಾರ ನನ್ನನ್ನು ಹಿಡಿಯುತ್ತಿದ್ದರು: “ಏನ್ರಿ ಸಣ್ಣ ಮಾಸ್ತರ್ರ, ಹೆಡ್ ಮಾಸ್ತರ್ರು ಬ್ಯಾಂಡಿನ್ಯಾಗ ನೌಕರಿ ಹಿಡದ್ರೇನು?” ಈ ಮಾತು ಮೇಲಿನವರ ಕಿವಿಗೆ ಬಿದ್ದರೆ ಮಾಮಾ ಅವರ ಗತಿಯೇನು ಎಂದು ನಾನು ಚಿಂತಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಗತಿಯೇನು ಎಂದು ಚಿಂತಿಸುತ್ತಿದ್ದೆ.

ಬ್ಯಾಂಡಿನ ಹೆಸರು ‘ಹೊಸ ಭಾಗ್ಯೋದಯ ಬ್ಯಾಂಡ್ ಕಂಪನಿ’. ಹಳೆಯ ಭಾಗ್ಯೋದಯ ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಲಗ್ನಕ್ಕೂ ಅದೇ ಬೇಕು, ನಗುವುದಕ್ಕೂ ಅದೇ ಬೇಕು. ಕೆಂಪು ಕೋಟುಗಳು ಕಂಡ ಕೂಡಲೇ, “ಭಾಗ್ಯೋದಯ ಬಂತು, ಎಮ್ಮಿ ಬಿಗಿಯಾಗಿ ಕಟ್ರೋ!” ಎಂಬ ಕೂಗು. ಸಿನೆಮಾ ಹಾಡು ಪಲ್ಲವಿಯಲ್ಲಿ ಒಂದಿದ್ದದ್ದು ಚರಣಕ್ಕೆ ಬರುವಷ್ಟರಲ್ಲಿ ಇನ್ನೊಂದಾಗಿರುತ್ತಿತ್ತು. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಕುಣಿಯುವ ಹಾಡು ಹಿಡಿದು, ಅಳುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನಾನೇ ನೋಡಿದ್ದೇನೆ. “ಅಪಸ್ವರ” ಎಂದು ಒಮ್ಮೆ ಬಾಯಿಬಿಟ್ಟೆ. ಮಾಮಾ ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅದು ಅಪಸ್ವರ ಅಲ್ಲಲೇ. ಆ ಸ್ವರಕ್ಕ ಇನ್ನೂ ಯಾರೂ ಹೆಸರಿಟ್ಟಿಲ್ಲ.”

ಝಳಕಿಯಲ್ಲಿ ಒಂದು ಸಲ ಎರಡು ಮೆರವಣಿಗೆಗಳು ಎದುರಾದವು. ಆ ಕಡೆ ಸೋಲಾಪುರದ ಬ್ಯಾಂಡು, ಈ ಕಡೆ ನಮ್ಮದು. ಹೀಗಾದಾಗ ಎರಡೂ ನಿಂತು ಬಾರಿಸಬೇಕು, ಮೊದಲು ನಿಲ್ಲಿಸಿದವರು ದಾರಿ ಬಿಡಬೇಕು. ನಮ್ಮವರು ಉಸಿರು ಹತ್ತಿ ಬೇಗನೆ ನಿಲ್ಲಿಸಿದರು. ಮಂದಿ ಹೋ ಎಂದರು. ಮಾಮಾ ಮಾತ್ರ ರಸ್ತೆಯ ನಡುವೆ ನಿಂತು, “ಸೋತಿಲ್ಲ! ದೊಡ್ಡವರು ಮಾತ ನಿಲ್ಲಿಸ್ತಾರ, ಸಣ್ಣವರು ಒದರ್ತಾರ!” ಎಂದು ತಾವೇ ಒದರಿದರು. ಬ್ಯಾಂಡಿನ ಯಜಮಾನ ಹುಸೇನಸಾಬ ಕ್ಲಾರಿನೆಟ್ಟನ್ನು ಕೋಟಿನ ತೋಳಿಗೆ ಒರೆಸುತ್ತ ನೆಲ ನೋಡುತ್ತಿದ್ದ. ಅವನಿಗೂ ನಾಚಿಕೆಯಾಗಿದೆ ಎಂದು ನನಗೆ ಆಗಲೇ ಅನಿಸಿತು.

ಅನಿಸಿದ್ದು ಸುಳ್ಳಾಗಲಿಲ್ಲ. ಒಂದು ಮಧ್ಯಾಹ್ನ ಹುಸೇನಸಾಬ ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ನನ್ನನ್ನು ಕರೆದ.

“ಸಣ್ಣ ಮಾಸ್ತರ್ರ, ಹೆಂಗ ಹೇಳ್ಲಿ. ಬಾಗೇವಾಡ್ಯಾಗ ದೊಡ್ಡ ಮನಿತನದ ಲಗ್ನ ಐತ್ರಿ. ಬ್ಯಾಂಡ್ ಬೇಕು, ಆ ಹಿಂದಕ್ಕ ನಡ್ಯೂ ಮಾಸ್ತರ ಬ್ಯಾಡ ಅಂದಾರ. ಮಂದಿ ನಮಗ ನಗೂದು ಇದ್ದದ್ದ ಬಿಡ್ರಿ. ಆದ್ರ ಅವರು ಮುಂದ ಇದ್ರಂದ್ರ ನಗಿ ನಿಲ್ಲೂದಿಲ್ಲ. ಹುಡುಗರು ಕೋಟು ಹಾಕ್ಕೊಳಾಕ ನಾಚಾಕತ್ತಾರ. ನಾ ಹೆಂಗ ಅನ್ಲಿ? ನಮ್ಮನ್ನ ಚಲೋ ಅಂದವರು ಅವರೊಬ್ಬರ.”

ಊರೆಲ್ಲ ನಗುವ ಬ್ಯಾಂಡಿಗೂ ನಾಚಿಕೆ ತರುವ ಮಾಮಾ ನನ್ನ ಪಾಲಿಗೆ ಬಂದಿದ್ದರು. ಅವರಿಗೆ ಇದ್ದದ್ದು ಅದೊಂದೇ ಖುಷಿ. ಅದನ್ನು ಕಸಿಯುವ ಕೆಲಸ ನನಗೆ. ರಾತ್ರಿ ರೊಟ್ಟಿ ಮುರಿಯುತ್ತ ಶುರುಮಾಡಿದೆ.

“ಮಾಮಾ, ಬಾಗೇವಾಡಿ ಲಗ್ನದ ದಿನ ಇನ್ಸ್‌ಪೆಕ್ಟರ್ ಸಾಹೇಬರು ಬರ್ತಾರಂತರಿ.”

“ಐತವಾರ? ಸೂಟಿ ದಿನ?”

ನಾನು ಪಲ್ಯದಲ್ಲಿ ಕಲ್ಲು ಹುಡುಕುವವನಂತೆ ತಲೆ ತಗ್ಗಿಸಿದೆ. ಮಾಮಾ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟರು.

“ಹುಸೇನ ಬಂದಿದ್ನೇನು?”

“ಹೌದ್ರಿ.”

“ನನಗ ತಿಳೀತು ಅಂತ ಅವಗ ಗೊತ್ತಾಗಬಾರದು. ಗೊತ್ತಾತಂದ್ರ ನನ್ನ ಮುಂದ ಮಾರಿ ಎತ್ತಿ ಬಾರಸಾಕ ಆಗೂದಿಲ್ಲ ಅವಗ. ‘ಇವತ್ತ ಸಂಜೀಕ ಮಾಸ್ತರ ಕಾಲ ಉಳುಕೇತಿ, ನಾ ಹೇಳೂ ಪ್ರಸಂಗನ ಬರಲಿಲ್ಲ’ ಅನ್ನು ಅವಗ.”

ಮರುದಿನ ಹೆಡ್ ಮಾಸ್ತರರು ಕುಂಟುತ್ತ ಶಾಲೆಗೆ ಬಂದರು.

ಸುದ್ದಿ ಕೇಳಿ ಹುಸೇನಸಾಬ ಎಣ್ಣೆ ಕಾಯಿಸಿಕೊಂಡು ಮನೆಗೇ ಬಂದ. ಬಾಗಿಲಲ್ಲಿ ನನ್ನ ಕಿವಿಯ ಹತ್ತಿರ, “ದೇವರು ದೊಡ್ಡಾಂವರಿ, ಹೇಳೂ ಪಾಳಿ ತಪ್ಪಿಸಿದ” ಎಂದ. ಒಳಗೆ ಹೋಗಿ ಮಾಮಾ ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದ. “ಇಲ್ಲೇನ್ರಿ? ಇಲ್ಲೇನು?” ಎಂದು ಅವನು ಒತ್ತಿದಲ್ಲೆಲ್ಲ ಮಾಮಾ, “ಯವ್ವಾ… ಮೆಲ್ಲಕೋ ಹುಸೇನಾ” ಎಂದು ನರಳಿದರು. ಒಬ್ಬ ಇಲ್ಲದ ನೋವನ್ನು ತಿಕ್ಕುತ್ತಿದ್ದ, ಇನ್ನೊಬ್ಬರು ಇದ್ದ ನೋವನ್ನು ಬೇರೆ ಕಡೆ ತೋರಿಸುತ್ತಿದ್ದರು. ನಾನು ನೀರು ತರುತ್ತೇನೆಂದು ಹಿತ್ತಲಿಗೆ ಹೋದವನು ಅವನು ಹೋಗುವವರೆಗೆ ಒಳಗೆ ಬರಲಿಲ್ಲ.

ಬಾಗೇವಾಡಿ ಲಗ್ನ ಸುಸೂತ್ರ ಮುಗಿಯಿತು. ಆದರೆ ಉಳುಕಿದ ಕಾಲು ಯಾವಾಗ ವಾಸಿಯಾಗಬೇಕು? ಲಗ್ನ ಮುಗಿದ ಮರುದಿನವೇ ಆದರೆ ಹುಸೇನನಿಗೆ ಸಂಶಯ. ಮಾಮಾ ಇನ್ನಷ್ಟು ದಿನ ಕುಂಟಿದರು. ಅಷ್ಟರಲ್ಲಿ ಇಂಗಳೇಶ್ವರದ ಲಗ್ನ, ಆಮೇಲೆ ಇಂಡಿಯದು. ಹುಸೇನಸಾಬ ಮೊದಮೊದಲು, “ಕಾಲ ಹೆಂಗೈತ್ರಿ?” ಎಂದು ಕೇಳುತ್ತಿದ್ದ. ಬರಬರುತ್ತ ಕೇಳುವುದನ್ನು ಬಿಟ್ಟ. ಅವನು ಕೇಳದಿದ್ದರೂ ಮಾಮಾ ಕುಂಟುವುದನ್ನು ಬಿಡಲಿಲ್ಲ.

ಮುಂದೆ ನನ್ನ ಲಗ್ನ ಮುದ್ದೇಬಿಹಾಳದಲ್ಲಿ ಗೊತ್ತಾಯಿತು. ಅವ್ವ ತಮ್ಮನ ಸಲುವಾಗಿ ಹಟ ಹಿಡಿದು ಭಾಗ್ಯೋದಯವನ್ನೇ ಹೇಳಿದಳು. ಮೆರವಣಿಗೆ ಹೊರಡುವಾಗ ಹುಸೇನಸಾಬ ಕೆಂಪು ಕೋಟಿನಲ್ಲಿ ಹಂದರದೊಳಗೆ ಬಂದು ಕೈ ಮುಗಿದ. “ಮಾಸ್ತರ್ರ, ನಿಮ್ಮ ಮನಿ ಲಗ್ನ. ಏಳ್ರಿ.”

“ಕಾಲ ಕೇಳಂಗಿಲ್ಲೋ ಹುಸೇನಾ. ನೀ ಬಾರ್ಸು ಹೋಗು. ಇಲ್ಲಿಗೂ ಕೇಳತೇತಿ.”

ನಾನು ಕುದುರೆಯ ಮೇಲಿದ್ದೆ. ಬೀಗರು ಗಂಭೀರವಾಗಿ ನಡೆದರು. ನನಗೆ ಆದದ್ದು ಬರೀ ಸಮಾಧಾನ; ಅದಕ್ಕೆ ಬೇರೆ ಹೆಸರು ಇಡಲು ಈ ವಯಸ್ಸಿನಲ್ಲೂ ಧೈರ್ಯವಿಲ್ಲ.

ಊಟದ ಹೊತ್ತಿಗೆ ಮಾಮಾ ನನ್ನನ್ನು ಬದಿಗೆ ಕೂಡ್ರಿಸಿಕೊಂಡರು. ಎಲೆಯ ಮೇಲೆ ಹುಗ್ಗಿ ಬಿದ್ದಿತ್ತು. ಅದನ್ನು ಮುಟ್ಟದೆ ಕೇಳಿದರು: “ಮಂದಿ ನಕ್ಕರೇನೋ?”

ಎಲ್ಲ ಹೊತ್ತಿನಲ್ಲೂ ಕೆಟ್ಟದಾಗಿ ಸುಳ್ಳು ಹೇಳುವ ನಾನು ಆವತ್ತು, ಅವರಿಗೆ ಖುಷಿಯಾಗಲೆಂದು, ಖರೆ ಹೇಳಿದೆ.

“ಇಲ್ರಿ ಮಾಮಾ. ಒಬ್ಬರೂ ನಗಲಿಲ್ಲ.”

“ಹಂಗೇನು?” ಎಂದರು. ಹುಗ್ಗಿಯಲ್ಲಿ ಬೆರಳಾಡಿಸಿ, “ಹಂಗಾದ್ರ ಮಂದಿ ಬ್ಯಾಂಡಿಗಲ್ಲ ನಗತಿದ್ದದ್ದು” ಎಂದರು.